ಹುಣಸೆ ತೋಪಿನ ಚುಕ್ಕೆ

ಜನವರಿ 9, ಗುರುವಾರ. ಕಲ್ಯಾಣದುರ್ಗ

ಇವತ್ತು ಮತ್ತೆ ಬಂತು. ಅಮ್ಮ ನನ್ನ ಬೆನ್ನಿಗೆ ಸುಡುಸುಡು ನೀರು ಹುಯ್ಯುತ್ತಿದ್ದಳು. ನಮ್ಮ ತವರಿನ ಬಚ್ಚಲಿಗೆ ಸುತ್ತ ಕಲ್ಲುಚಪ್ಪಡಿ ಇದೆ, ಮೇಲೆ ಏನೂ ಇಲ್ಲ. ಬಾಣಂತಿ ನೀರಿನ ಹಬೆ ಹೊರಗೆ ಹೋಗಲಿ ಅಂತ ತಾತ ಹಾಗೇ ಬಿಟ್ಟಿದ್ದಂತೆ. ಹಿಂಗೋಡೆಯ ಆಚೆ ಹುಣಸೆ ತೋಪು. ಆ ತೋಪಿನ ಕಡೆಯಿಂದ ಕಣಜದ ಹುಳುವಿನ ಸದ್ದು ಕೇಳಿತು. ತಲೆ ಎತ್ತಿದರೆ ಕರಿ ಡ್ರೋನ್, ನಾಲ್ಕು ಕಾಲು ಚಾಚಿಕೊಂಡು ಕೊಂಬೆಗಳ ಮೇಲೆ ನಿಂತಿದೆ. ಅದರ ಕಣ್ಣು ಕೆಳಮುಖ.

ನನ್ನ ಮೈಮೇಲೆ ಒಂದು ಒದ್ದೆ ಬಟ್ಟೆಯೂ ಇರಲಿಲ್ಲ. ಕಿರುಚಿಕೊಂಡು ಒಳಗೆ ಓಡುವಾಗ ಜಾರಿ ಬಿದ್ದು ಮಂಡಿ ಒಡೆದುಕೊಂಡೆ. ಎಣ್ಣೆ ಮೈ, ರಕ್ತ, ಸೀಗೆಪುಡಿ. ಅಮ್ಮನಿಗೆ ಕಿವಿ ಮಂದ. ಜೇನು ಕಣೇ ಅದು, ಹೊಗೆ ಹಾಕಿದ್ರೆ ಹೋಯ್ತದೆ ಅಂದಳು.

ಹಿಂದೂಪುರಕ್ಕೆ, ಗಂಡನ ಮನೆಗೆ ಫೋನ್ ಮಾಡಿ ಇವರಿಗೆ ಹೇಳಿದೆ. "ಮದುವೆ ಸೀಸನ್ನು ಹೇಮಾ, ಯಾರೋ ವಿಡಿಯೋದವ್ರು ಹಾರಿಸ್ತಿರ್ತಾರೆ. ನೀನು ನಿದ್ದೆ ಮಾಡು" ಅಂದರು. ಎಲ್ಲರೂ ಇದನ್ನೇ ಹೇಳುತ್ತಾರೆ. ಕೂಸು ಮಲಗಿದಾಗ ನೀನೂ ಮಲಗು ಅಂತ. ಕೂಸು ಮಲಗಿದಾಗ ನಾನು ಅವಳ ಉಸಿರು ಎಣಿಸುತ್ತೇನೆ. ಎರಡು ಉಸಿರಿನ ನಡುವೆ ಸ್ವಲ್ಪ ತಡವಾದರೆ ಸಾಕು, ಗಲ್ಲ ಚಿವುಟಿ ಅಳಿಸುತ್ತೇನೆ.

ಜನವರಿ 12

ಬಚ್ಚಲ ಮೇಲೆ ಅಮ್ಮನ ಹಳೇ ಸೀರೆ ಕಟ್ಟಿಕೊಂಡು ಸ್ನಾನಕ್ಕೆ ಕೂತೆ. ಹಬೆ ಹೋಗದೆ ಉಸಿರು ಕಟ್ಟಿ ಅಮ್ಮ ಸೀರೆಯನ್ನು ಕಿತ್ತು ಬಿಸಾಕಿದಳು. ಅದೇ ಹೊತ್ತಿಗೆ ಸದ್ದು. ತಾಮ್ರದ ಚೊಂಬು ಎತ್ತಿ ಎಸೆದೆ. ಚೊಂಬು ಹಿತ್ತಲಲ್ಲಿ ಬಿದ್ದು ನಗ್ಗಿತು. ಡ್ರೋನ್ ಸ್ವಲ್ಪ ಪಕ್ಕಕ್ಕೆ ಸರಿದು ನಿಂತಿತು, ಅಷ್ಟೇ.

ಅದನ್ನು ಕಾಲು ಹಿಡಿದು ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಬೇಕು ಅನ್ನಿಸುತ್ತದೆ. ಹಾಲು ಕುಡಿಸುವಾಗಲೂ ಅದೇ ಯೋಚನೆ. ಹೀಗೆ ಯೋಚಿಸಿದರೆ ಹಾಲು ಕೆಡುತ್ತದೋ ಏನೋ.

ಇನ್ನೊಂದು ಈಗ ಹೊಳೆಯಿತು. ಮದುವೆ ಸೀಸನ್ನು ಅಂದರು ಇವರು. ಸಂಕ್ರಾಂತಿ ಇನ್ನೂ ಬಂದಿಲ್ಲ. ಧನುರ್ಮಾಸದಲ್ಲಿ ಯಾರ ಮದುವೆ?

ಜನವರಿ 13

ನಾನೂ ಬಿ.ಎಸ್ಸಿ. ಕಂಪ್ಯೂಟರ್ಸ್ ಓದಿದವಳು ಅಂತ ನೆನಪಾಯಿತು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಬೆಳಗಿನಿಂದ ಹುಡುಕಿದೆ. ಈಗಿನ ಎಷ್ಟೋ ಡ್ರೋನ್‌ಗಳು ಹಾರುತ್ತಿರುವಾಗ ತಮ್ಮ ನಂಬರನ್ನು ಗಾಳಿಗೆ ಬಿಡುತ್ತಲೇ ಇರುತ್ತವಂತೆ. ಹತ್ತಿರದಲ್ಲಿ ಯಾರ ಫೋನ್‌ನಲ್ಲಿ ಆ ಆಪ್ ಇದೆಯೋ ಅವರಿಗೆ ಅದು ಕಾಣುತ್ತದೆ. ಡ್ರೋನ್ ಎಲ್ಲಿದೆ ಎನ್ನುವುದು ಒಂದು ನೀಲಿ ಚುಕ್ಕೆ. ಹಾರಿಸುವವನು ಎಲ್ಲಿ ನಿಂತಿದ್ದಾನೆ ಎನ್ನುವುದು ಕೆಂಪು ಚುಕ್ಕೆ.

ಕಾರಿನ ನಂಬರ್ ಪ್ಲೇಟ್ ಇದ್ದ ಹಾಗೆ, ಭಯ ಬೇಡ ಅಂತ ಯಾರೋ ಬರೆದಿದ್ದಾರೆ. ಅದರ ಕೆಳಗೆ ಡ್ರೋನ್ ಹಾರಿಸುವವರ ಜಗಳವೋ ಜಗಳ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ನಾವು ನಿಂತ ಜಾಗಕ್ಕೆ ಬಂದು ಕತ್ತು ಹಿಡಿಯಬಹುದಲ್ಲ, ನಮಗೇನು ಖಾಸಗಿತನ ಇಲ್ಲವೇ ಅಂತ. ಓದಿ ಜೋರಾಗಿ ನಕ್ಕೆ. ಕೂಸು ಬೆಚ್ಚಿಬಿತ್ತು. ಬಾಣಂತಿ ಬಚ್ಚಲಿಗೆ ಇಣುಕುವವನಿಗೆ ಖಾಸಗಿತನ ಬೇಕಂತೆ.

ಆಪ್ ಹಾಕಿಕೊಂಡೆ.

ಜನವರಿ 17, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಿನ್ನೆಯೇ ಅಣ್ಣನಿಗೆ ಹೇಳಿದ್ದೆ. ನಮ್ಮಣ್ಣ ಸಿದ್ದಲಿಂಗೇಶ ವರ್ಷಾವರ್ಷ ಈ ತೋಪಿನ ಫಸಲನ್ನು ಗುತ್ತಿಗೆ ಹಿಡಿಯುವವನು. ಅವನ ಕೈಕೆಳಗೆ ಹುಣಸೆ ಉದುರಿಸುವ ಆಳುಗಳಿದ್ದಾರೆ, ಉದ್ದುದ್ದ ಬಿದಿರು ಗಳ ಹಿಡಿದು ಮರ ಬಡಿಯುವವರು. ಇವತ್ತು ಅವರು ಬೆಳಿಗ್ಗೆಯೇ ಬಂದು ತೋಪಿನ ಅಂಚಿನಲ್ಲಿ ಕೂತಿದ್ದರು. ನಾನು ಸ್ನಾನ ಮಾಡದೆ, ಬಚ್ಚಲಲ್ಲಿ ಬರೀ ಹಬೆ ಏಳಲು ಬಿಟ್ಟು, ನಡುಮನೆಯಲ್ಲಿ ಕೂಸಿಗೆ ಹಾಲು ಕೊಡುತ್ತ ಫೋನ್ ನೋಡುತ್ತಿದ್ದೆ.

ಮೊದಲು ನೀಲಿ ಚುಕ್ಕೆ ಬಂತು. ಆಮೇಲೆ ಕೆಂಪು. ಅಣ್ಣನಿಗೆ ಫೋನ್ ಹಚ್ಚಿದೆ.

"ಎಲ್ಲವ್ನೆ ಹೇಳು ಹೇಮಿ."

"ಹಳೇ ಬಾವಿ ಹತ್ರ. ಪಂಪ್‌ಸೆಟ್ ಮನೆ ಹಿಂದೆ. ಅಲ್ಲಾಡ್ತಾ ಇಲ್ಲ ಅಣ್ಣ, ನಿಂತೇ ಅವ್ನೆ."

"ಫೋನ್ ಇಡ್ಬೇಡ."

ನಾನು ಇಡಲಿಲ್ಲ. ಒಣಗಿದ ಎಲೆಯ ಮೇಲೆ ಕಾಲ ಸಪ್ಪಳ. "ಎವುರ್ರಾ ನುವ್ವು?" ಅಂತ ಯಾರೋ ತೆಲುಗಿನಲ್ಲಿ ಕೇಳಿದರು, ಯಾರು ನೀನು ಅಂತ. ಉತ್ತರ ಮುಗಿಯುವ ಮೊದಲೇ ಗಳದ ಸದ್ದು. ಮರಕ್ಕೆ ಬಡಿದರೆ ಬೇರೆ ಸದ್ದು, ಮನುಷ್ಯನಿಗೆ ಬಡಿದರೆ ಬೇರೆ. ಅಷ್ಟು ವ್ಯತ್ಯಾಸ ನನಗೆ ಮೊದಲ ಏಟಿಗೇ ತಿಳಿಯಿತು. ಅವನು ಮೊದಲು ಅಣ್ಣಾ ಅಂದ, ಆಮೇಲೆ ಅಮ್ಮಾ ಅಂದ, ಆಮೇಲೆ ಮಾತಲ್ಲದ ಸದ್ದು. ಕೂಸು ಚೀಪುತ್ತಲೇ ಇತ್ತು. ಮೊಲೆ ಬದಲಿಸಬೇಕಿತ್ತು, ಫೋನ್ ಹಿಡಿದಿದ್ದರಿಂದ ಬದಲಿಸಲಿಲ್ಲ.

ಡ್ರೋನ್ ಅಷ್ಟು ಹೊತ್ತೂ ಮರದ ಮೇಲೇ ನಿಂತಿತ್ತಂತೆ. ಎಲ್ಲ ಮುಗಿದ ಮೇಲೆ ತಾನಾಗಿ ವಾಪಸ್ ಬಂದು, ಬಿದ್ದಿದ್ದ ಅವನ ಪಕ್ಕದಲ್ಲೇ ಮೆತ್ತಗೆ ಇಳಿಯಿತಂತೆ. "ಸಾಕಿದ ನಾಯಿ ಬಂದಂಗೆ ಬಂತು ಕಣೇ" ಅಂದ ಅಣ್ಣ. ಅದನ್ನೂ ಕಲ್ಲು ಎತ್ತಿ ಹಾಕಿ ಜಜ್ಜಿದರು.

ಜನವರಿ 18

ನಿದ್ದೆ ಮಾಡಿದೆ. ಹೆರಿಗೆ ಆದ ಮೇಲೆ ಮೊದಲ ಸಲ, ಕನಸು ಸಹ ಬೀಳದ ನಿದ್ದೆ.

ಅವನ ಹೆಸರು ಹರಿಕೃಷ್ಣ. ಹಿಂದೂಪುರದವನು, ಮದುವೆ ವಿಡಿಯೋ ತೆಗೆಯುವವನು. ಎಡಗಣ್ಣು ಹೋಗಿದೆ, ಅನಂತಪುರದ ಆಸ್ಪತ್ರೆಗೆ ಸಾಗಿಸಿದ್ದಾರೆ. ಬಾಣಂತಿ ಸ್ನಾನ ನೋಡುವ ಕಳ್ಳ ಅಂತ ಅವನ ರಕ್ತದ ಮುಖದ ಫೋಟೋ ಎಲ್ಲ ಗ್ರೂಪುಗಳಲ್ಲೂ ಓಡಾಡುತ್ತಿದೆ. ದೂರು ಅಣ್ಣನ ಮೇಲಲ್ಲ, ಅವನ ಮೇಲೇ ಆಗಿದೆ.

ಅಮ್ಮ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ಸ್ವಲ್ಪವೂ ಘಾಟು ಬರಲಿಲ್ಲ.

ಜನವರಿ 21

ಡ್ರೋನ್‌ನೊಳಗಿನ ಮೆಮೊರಿ ಕಾರ್ಡನ್ನು ಅಣ್ಣ ತೆಗೆದಿಟ್ಟುಕೊಂಡಿದ್ದ. ಸ್ಟೇಷನ್‌ಗೆ ಕೊಡುವ ಮೊದಲು ನನ್ನ ಮಾನ ಏನಾಗಿದೆಯೋ ಮನೆಯವರೇ ನೋಡಲಿ ಅಂತ ಅಮ್ಮ ಹಟ ಹಿಡಿದಳು. ನನ್ನ ಹಳೇ ಲ್ಯಾಪ್‌ಟಾಪಿಗೆ ಹಾಕಿದೆ.

ಬರೀ ಹುಣಸೆ ಮರಗಳು. ಒಂದೊಂದೇ ಮರದ ನೆತ್ತಿಗೆ ಬಂದು, ಸುತ್ತು ಹಾಕಿ, ಕೊಂಬೆಯ ಕಾಯಿಗೊಂಚಲಿನ ಹತ್ತಿರ ಹೋಗಿ, ಮುಂದಿನ ಮರಕ್ಕೆ. ಒಂದು ಕಡೆ ಮಾತ್ರ ಚಿತ್ರದ ಮೂಲೆಯಲ್ಲಿ ನಮ್ಮ ಬಚ್ಚಲು, ಹಬೆ, ಅದರೊಳಗೆ ಅಕ್ಕಿಕಾಳಿನಷ್ಟು ನಾನು. ಮುಖ ಇಲ್ಲ. ಮೈ ಇದೆ, ಅಂದರೆ ಒಂದು ಬಣ್ಣ ಇದೆ.

ಹುಣಸೆ ವ್ಯಾಪಾರದವರ ಮನೆಯಲ್ಲಿ ಹುಟ್ಟಿದ ನನಗೆ ಆಗಲೇ ಗೊತ್ತಾಯಿತು. ತೋಪು ಹಿಡಿಯುವವನು ಯಾವತ್ತೂ ತಲೆ ಎತ್ತಿ ಮರ ನೋಡುವುದಿಲ್ಲ. ನೆಲ ನೋಡುತ್ತ, ಎಲೆ ಒದೆಯುತ್ತ, ಬೇಡವಾದವನ ಹಾಗೆ ನಡೆಯುತ್ತಾನೆ. ನೋಡಿದನೆಂದರೆ ರೇಟು ಏರಿತು. ಹಾಗಾಗಿ ಹರಾಜಿಗೆ ಮೊದಲೇ ಫಸಲು ಅಳೆಯಲು ಯಾರೋ ಕದ್ದು, ಮೇಲಿಂದ ನೋಡಿಸುತ್ತಿದ್ದಾರೆ.

ಅಣ್ಣನೂ ಅದನ್ನೇ ಕಂಡುಕೊಂಡ. ಪಾಪ ಅನ್ನಲಿಲ್ಲ. ನನ್ನ ತೋಪಿಗೆ ಕಣ್ಣು ಹಾಕಿದ ಆ ನನ್ಮಗ ಯಾರು ಅಂತ ಇನ್ನೂ ಕುದಿದ. ಅಷ್ಟು ಏಟು ಬಿದ್ದರೂ ಹರಿಕೃಷ್ಣ ಕಳಿಸಿದವನ ಹೆಸರು ಬಾಯಿ ಬಿಟ್ಟಿರಲಿಲ್ಲವಂತೆ.

ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಇವರಿಗೆ ಫೋನ್ ಮಾಡಿದೆ. ಧನುರ್ಮಾಸದಲ್ಲಿ ಯಾರ ಮದುವೆ ಇತ್ತು ರೀ, ಅಂತ ಕೇಳಿದೆ. ಹಿಂದೆ ಇವರ ಹುಣಸೆ ಮಂಡಿಯ ಗದ್ದಲ. ಇವರು ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

"ನಿಮ್ಮಣ್ಣಂಗೆ ಹೇಳ್ಬೇಡ ಹೇಮಾ. ಎರಡು ಮನೆ ಮುರೀತದೆ."

ವಿಡಿಯೋ ಮೊದಲೇ ಎರಡು ಸಲ ತರಿಸಿಕೊಂಡಿದ್ದರಂತೆ. ಮಂಡಿಯ ಟೀವಿಗೆ ಹಾಕಿ, ಗುಮಾಸ್ತ ಉಮಾಶಂಕರ್ ಜೊತೆ ಕೂತು ಕಾಯಿ ಅಂದಾಜು ಮಾಡಿದ್ದರಂತೆ. ಮೂಲೆಯಲ್ಲಿದ್ದದ್ದು ನಾನು ಅಂತ ಗೊತ್ತಿತ್ತಾ ಅಂದೆ. ಅಲ್ಲಿ ಯಾರು ನೋಡ್ತಾರೆ ಹೇಮಾ, ನಾವು ನೋಡ್ತಿದ್ದಿದ್ದು ಮರ ಅಂದರು.

ಜನವರಿ 29

ಕೂಸಿಗೆ ಐದನೇ ತಿಂಗಳು ಅಂತ ಇವರು ನಮ್ಮನ್ನು ಕರೆದೊಯ್ಯಲು ಬಂದರು. ಅಮ್ಮ ಹೋಳಿಗೆ ಮಾಡಿದ್ದಳು. ಅಣ್ಣನೂ ಇವರೂ ಎದುರುಬದುರು ಕೂತು ಉಂಡರು. ಅಣ್ಣ ಏಟಿನ ಕಥೆಯನ್ನೆಲ್ಲ ಹೇಳಿದ, ಯಾರು ಕಾಲು ಹಿಡಿದರು, ಯಾರ ಗಳ ಕಣ್ಣಿಗೆ ತಗುಲಿತು. ಇವರು ಹೋಳಿಗೆಗೆ ಹಾಲು ಕಲಸುತ್ತ ಹೇಳಿದರು, "ಅಂಥೋರ್ನ ಸುಮ್ನೆ ಬಿಡಬಾರ್ದು ಬಾವ. ನೀವು ಒಂದು ಕಣ್ಣಿಗೇ ಬಿಟ್ಟಿದ್ದು ದೊಡ್ಡದು."

ನಾನು ತುಪ್ಪ ಬಡಿಸಿದೆ. ಇಬ್ಬರಿಗೂ ಸಮನಾಗಿ.

ಫೆಬ್ರವರಿ 6. ಹಿಂದೂಪುರ

ಈ ಮನೆಯ ಹಿಂದೆಯೇ ನಮ್ಮ ಹುಣಸೆ ಮಂಡಿ. ಹೆಂಗಸರು ಸಾಲಾಗಿ ಕೂತು ಕಬ್ಬಿಣದ ಸುತ್ತಿಗೆಯಲ್ಲಿ ಹಣ್ಣು ಬಡಿದು ಬೀಜ ಬಿಡಿಸುತ್ತಾರೆ. ಬೆಳಗಿನಿಂದ ಸಂಜೆವರೆಗೆ ಬಡಿತ. ಕೂಸು ಈ ಸದ್ದಿಗೆ ಚೆನ್ನಾಗಿ ಮಲಗುತ್ತದೆ. ನನಗೆ ನಿದ್ದೆ ಬರುವುದಿಲ್ಲ.

ಮಧ್ಯಾಹ್ನ ಒಬ್ಬ ಹುಡುಗಿ ಬಂದಳು, ಕಂಕುಳಲ್ಲಿ ನನ್ನ ಕೂಸಿನಷ್ಟೇ ಕೂಸು. ಹರಿಕೃಷ್ಣನ ಹೆಂಡತಿ ಧನಲಕ್ಷ್ಮಿ. ಅವಳು ದುಡ್ಡು ಕೇಳಲು ಬಂದಿರಲಿಲ್ಲ. ನಮ್ಮ ಬೀದಿಯವರು ಗೋಡೆಗೆ ಸಗಣಿ ಎಸೀತಾವ್ರೆ, ನನ್ನ ತಂಗಿಯ ಸಂಬಂಧ ಮುರಿಯಿತು, ಮಗುವಿಗೆ ಚುಚ್ಚುಮದ್ದು ಹಾಕಿಸೋಕೆ ಹೋದರೂ ಇವಳ ಗಂಡ ಅವನೇ ಅಂತಾರೆ ಅಂದಳು. ಇವರ ಕಾಲು ಹಿಡಿದುಕೊಂಡು, "ಮೀರೇ ಪಂಪಿನಾರು ಅನಿ ಒಕ್ಕ ಮಾಟ ಚೆಪ್ಪಂಡನ್ನಾ" ಅಂದಳು. ನೀವೇ ಕಳಿಸಿದ್ದು ಅಂತ ಒಂದೇ ಮಾತು ಹೇಳಿ, ಅಷ್ಟು ಸಾಕು ಅಂತ.

"ಯಾರಮ್ಮ ನೀನು?" ಅಂದರು ಇವರು. ಬಡಿಯುತ್ತಿದ್ದ ಹೆಂಗಸರೆಲ್ಲ ಸುತ್ತಿಗೆ ನಿಲ್ಲಿಸಿದ್ದರು. ಅವಳು ಕಾಲು ಬಿಡಲಿಲ್ಲ. ಇವರು ಒದ್ದರು. ಒದ್ದರು ಅಂತಲೇ ಬರೆಯಬೇಕು, ತಳ್ಳಿದರು ಅಂತ ಅತ್ತೆಗೆ ಹೇಳಿದ್ದಾರೆ. ಅವಳು ಹೊಸ್ತಿಲ ಮೇಲೆ ಬೆನ್ನಡಿಯಾಗಿ ಬಿದ್ದಳು, ಕೂಸನ್ನು ಎದೆಗೆ ಎತ್ತಿ ಹಿಡಿದುಕೊಂಡೇ ಬಿದ್ದಳು. ಕೂಸಿಗೆ ಏನೂ ಆಗಲಿಲ್ಲ. ಅವಳ ಹಿಂದಲೆಯ ರಕ್ತ ಹುಣಸೆ ಬೀಜಗಳ ಮೇಲೆ ಹರಿಯಿತು. ಸುತ್ತಿಗೆಗಳು ಮತ್ತೆ ಶುರುವಾದವು.

ಫೆಬ್ರವರಿ 7

ಹೇಳಿಬಿಡಿ ಅಂತ ಇವರಿಗೆ ಹೇಳಿದೆ. ಬಾಗಿಲು ಹಾಕಿದರು.

"ಅವ್ನ ಕಣ್ಣು ಕಿತ್ತಿದ್ದು ನಾನಲ್ಲ. ತೋರ್ಸಿದ ಬೆರಳು ಯಾವ್ದು? ಇದೇ ತಾನೆ?"

ಬಲಗೈ ತೋರುಬೆರಳು ಊದಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಸಾಕು.

ಫೆಬ್ರವರಿ 14, ಶುಕ್ರವಾರ

ಬೆರಳಿಗೆ ಪಟ್ಟಿ ಕಟ್ಟಿದ್ದಾರೆ. ಬಾಗಿಲಿಗೆ ಸಿಕ್ಕಿತು ಅಂತ ಡಾಕ್ಟರಮ್ಮನಿಗೆ ಹೇಳಿದೆ. ಸುಳ್ಳು ಹೇಳುವುದು ಇಷ್ಟು ಸಲೀಸು ಅಂತ ಗೊತ್ತಿರಲಿಲ್ಲ.

ಇವರು ಹೊಸ ಡ್ರೋನ್ ತಂದಿದ್ದಾರೆ. ಹರಿಕೃಷ್ಣನ ಗತಿ ಕಂಡು ಬೇರೆ ಯಾವ ಹುಡುಗನೂ ಒಪ್ಪಲಿಲ್ಲ, ಹಾಗಾಗಿ ತಾವೇ ಕಲಿತಿದ್ದಾರೆ. ರೊದ್ದಂ ಕಡೆಯ ತೋಪುಗಳು ಇನ್ನೂ ಹರಾಜಿಗೆ ಬಂದಿಲ್ಲ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಬರುತ್ತಾರೆ. ಅಂಗಳದಲ್ಲಿ ಹಾರಿಸಿ ಕೂಸಿಗೂ ತೋರಿಸಿದರು. ಕೂಸು ಕೈ ಚಾಚಿ ನಕ್ಕಿತು. ಒಳಗೆ ನನ್ನ ಫೋನ್‌ನಲ್ಲಿ ಕೆಂಪು ಚುಕ್ಕೆ ನಮ್ಮ ಮನೆಯ ಮೇಲೇ ಕೂತಿತ್ತು.

ನಂಬರ್ ಬರೆದುಕೊಂಡೆ.

ಫೆಬ್ರವರಿ 16

ಚುಚ್ಚುಮದ್ದಿನ ನೆಪ ಹೇಳಿ ಧನಲಕ್ಷ್ಮಿಯ ಮನೆಗೆ ಹೋದೆ. ರೈಲ್ವೆ ಗೇಟಿನ ಆಚೆ ಒಂದೇ ಕೋಣೆ. ಹರಿಕೃಷ್ಣ ಗೋಡೆಗೆ ಒರಗಿ ಕೂತಿದ್ದ, ತುಂಬ ಚಿಕ್ಕ ವಯಸ್ಸು. ಕಣ್ಣಿನ ಜಾಗಕ್ಕೆ ಹತ್ತಿ. ನನ್ನನ್ನು ಗುರುತು ಹಿಡಿಯಲಿಲ್ಲ, ನನ್ನ ಮುಖ ಅವನು ಯಾವತ್ತೂ ನೋಡಿಯೇ ಇಲ್ಲವಲ್ಲ. ಹಸಿರು ಸೀರೆಯ ಅಕ್ಕಾ, ಮಗುವಿನ ಟೋಪಿ ಬಿದ್ದದೆ ನೋಡಿ ಅಂದ. ಕಣ್ಣು ಚುರುಕು, ಉಳಿದ ಒಂದು.

ರುದ್ರಮುನಿಯ ಹೆಸರು, ಅಂದರೆ ಇವರ ಹೆಸರು, ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೇಳಬೇಡ ಅಂದಿದ್ರು, ಮಾತು ಕೊಟ್ಟಿದ್ದೆ ಅಂದ. ಕೊಟ್ಟ ಮಾತು ಅವನಿಗೆ ಈಗಲೂ ಸಣ್ಣದಾಗಿ ಕಾಣುವುದಿಲ್ಲ. ಅವನ ಹೆಂಡತಿಗೆ ಕಾಣುತ್ತದೆ.

ಧನಲಕ್ಷ್ಮಿಯನ್ನು ಹೊರಗೆ ಕರೆದೆ. ಅವಳ ಫೋನಿಗೆ ಆಪ್ ಹಾಕಿಕೊಟ್ಟೆ. ನಂಬರ್ ತೋರಿಸಿದೆ. ಕೆಂಪು ಚುಕ್ಕೆ ಎಂದರೆ ಏನು ಅಂತ ಹೇಳಿಕೊಟ್ಟೆ. ಗುರುವಾರ ರೊದ್ದಂ ದಾರಿಯ ಕೆರೆ ಕೆಳಗಿನ ತೋಪಿಗೆ ಹೋಗುತ್ತಾರೆ ಅಂತಲೂ ಹೇಳಿದೆ. ಸಾಕ್ಷಿಗೆ ನಮ್ಮ ಹಿರಿಯರನ್ನು ಕರ್ಕೊಂಡು ಹೋಯ್ತೀನಿ, ಹಾರಿಸುವಾಗಲೇ ಹಿಡಿದು ಕೇಳಿದರೆ ಒಪ್ಪಲೇಬೇಕಲ್ಲ ಅಂದಳು. ಅವಳ ತಲೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಹಿರಿಯರು ಎಂದರೆ ಯಾರು ಅಂತ ನಾನು ಕೇಳಲಿಲ್ಲ. ಅವಳ ಅಣ್ಣಂದಿರು ಮನೆಯ ಮುಂದೆ ಬೈಕ್ ತೊಳೆಯುತ್ತಿದ್ದರು.

"ನೀವು ದೇವರಂಥೋರು ಅಕ್ಕ" ಅಂದಳು. ನನ್ನ ಪಟ್ಟಿ ಕಟ್ಟಿದ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ನೋವಾಯಿತು.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟೆ. ಡ್ರೋನ್ ಬ್ಯಾಟರಿ ಚಾರ್ಜ್ ಆಗಿದೆಯಾ ನೋಡು ಅಂದರು, ನೋಡಿದೆ, ಆಗಿದೆ ಅಂದೆ. ಬತ್ತೀನಿ ಅಂದರು. ಹೂಂ ಅಂದೆ.

ರೊದ್ದಂ ದೂರ, ನನ್ನ ಫೋನ್‌ಗೆ ಏನೂ ಕಾಣುವುದಿಲ್ಲ. ಆದರೂ ತೆರೆದಿಟ್ಟುಕೊಂಡಿದ್ದೆ. ಕೂಸಿಗೆ ಉಗುರು ಕತ್ತರಿಸಿದೆ. ಹಿಂದೆ ಸುತ್ತಿಗೆಗಳು ನಡೆದೇ ಇದ್ದವು.

ಊಟದ ಹೊತ್ತಿಗೆ ವಿಡಿಯೋ ಬಂತು, ಧನಲಕ್ಷ್ಮಿಯೇ ಕಳಿಸಿದ್ದಾಳೆ. ತೋಪಿನ ನೆಲದಲ್ಲಿ ಇವರು ಮಂಡಿಯೂರಿದ್ದಾರೆ. ರೊಟ್ಟಿ ಚೆಲ್ಲಾಡಿದೆ. ಒಬ್ಬ ಕೂದಲು ಹಿಡಿದು ಮುಖವನ್ನು ಫೋನಿನ ಕಡೆ ತಿರುಗಿಸಿದ್ದಾನೆ. ಇನ್ನೊಬ್ಬ ಬಲಗೈಯನ್ನು ಬೇರಿನ ಮೇಲಿಟ್ಟು ಕಲ್ಲಿನಿಂದ ಜಜ್ಜುತ್ತಿದ್ದಾನೆ, ಆತುರವಿಲ್ಲದೆ, ಬೀಜ ಬಿಡಿಸುವವನ ಹಾಗೆ. ಆಮೇಲೆ ಎಡಗೈ.

"ನಾನೇ ಕಳಿಸಿದ್ದು. ಹರಿಕೃಷ್ಣಂದು ತಪ್ಪಿಲ್ಲ. ಅವ್ನು ಮರ ನೋಡೋಕೆ ಹೋಗಿದ್ದ. ನಾನೇ ಕಳಿಸಿದ್ದು."

ಕೊನೆಗೆ ಯಾರೋ ಕೇಳುತ್ತಾರೆ, ಬಚ್ಚಲಲ್ಲಿ ಇದ್ದ ಹೆಂಗಸು ಯಾರು ಅಂತ. "ನನ್ನ ಹೆಂಡ್ತಿ" ಅನ್ನುತ್ತಾರೆ. ಯಾರೋ ನಗುತ್ತಾರೆ.

ಅತ್ತೆ ಎದೆ ಬಡಿದುಕೊಳ್ಳುತ್ತ ಬೀದಿಗೆ ಓಡಿದರು. ನಾನು ಮತ್ತೊಂದು ಸಲ ನೋಡಿದೆ. ಡ್ರೋನ್ ಎಲ್ಲಿ ಇಳಿಯಿತು ಅಂತ ಹುಡುಕಿದೆ. ಚಿತ್ರದಲ್ಲಿ ಇಲ್ಲ.

ಫೆಬ್ರವರಿ 22

ಎರಡೂ ಕೈಗೆ ಮೊಣಕೈವರೆಗೆ ಪ್ಲಾಸ್ಟರ್ ಕಟ್ಟು. ಬೆರಳುಗಳು ಮೊದಲಿನಂತಾಗುವುದು ಕಷ್ಟ ಅಂತಾರೆ. ಹೊಡೆದವರು ಸಿಕ್ಕಿಲ್ಲ. ಅಣ್ಣನೂ ವಿಡಿಯೋ ನೋಡಿದ. ಫೋನ್ ಮಾಡಿ, ನಿನ್ನ ಗಂಡನ ಮನೆಗೂ ನಮಗೂ ಮುಗೀತು, ಇನ್ಮೇಲೆ ತವರು ಅಂತ ಈ ಕಡೆ ಬರಬೇಡ ಅಂದ. ಹಿಂದಿನಿಂದ ಅಮ್ಮ ಅಳುವುದು ಕೇಳಿಸಿತು. ಧನಲಕ್ಷ್ಮಿಯ ಬೀದಿಯವರು ಗೋಡೆ ತೊಳೆದುಕೊಟ್ಟರಂತೆ.

ಇವರಿಗೆ ನಾನೇ ಉಣಿಸಬೇಕು. ಮೆತ್ತಗೆ ಕಲಸಿದ ಅನ್ನ, ತಿಳಿಸಾರು. ಕೂಸಿಗೆ ಇನ್ನೂ ಅನ್ನಪ್ರಾಶನ ಆಗಿಲ್ಲ, ಇವರಿಗೆ ಆಯಿತು. ಇವತ್ತು ನನ್ನ ಮುಖವನ್ನೇ ನೋಡುತ್ತ ಕೇಳಿದರು.

"ನಾನಲ್ಲಿ ನಿಂತಿದ್ದು ಅವ್ರಿಗೆ ಯಾರು ತೋರ್ಸಿರ್ಬೋದು ಹೇಮಾ?"

"ಬಾಯಿ ತೆಗೀರಿ, ಅನ್ನ ಆರ್ತಾ ಐತೆ" ಅಂದೆ.

ತುತ್ತು ತುಟಿಯ ಹತ್ತಿರವೇ ಹಿಡಿದುಕೊಂಡಿದ್ದೆ. ಆಮೇಲೆ ಬಾಯಿ ತೆಗೆದರು.

ಫೆಬ್ರವರಿ 23, ಭಾನುವಾರ

ಈಗ ನಿದ್ದೆಯ ತೊಂದರೆ ಏನೂ ಇಲ್ಲ. ಬೆಳಗಿನ ಜಾವ ಕೂಸು ಅತ್ತು ಅತ್ತು ನೀಲಿಯಾಗಿತ್ತಂತೆ, ಅತ್ತೆ ಬಂದು ನನ್ನನ್ನು ಅಲುಗಾಡಿಸಿ ಎಬ್ಬಿಸಿದರು. ಬಾಣಂತಿಯರಿಗೆ ಇಷ್ಟು ನಿದ್ದೆ ಒಳ್ಳೆಯದಲ್ಲ ಅಂದರು. ಮೊದಲೆಲ್ಲ ನಿದ್ದೆ ಮಾಡು ಅನ್ನುತ್ತಿದ್ದವರೇ.

ಬೆಳಿಗ್ಗೆ ಪಕ್ಕದ ಬೀದಿಯ ಛತ್ರದಲ್ಲಿ ಮದುವೆ. ಓಲಗದ ನಡುವೆ ಡ್ರೋನ್ ಸದ್ದು ಕೇಳಿತು. ಇವರು ಮಂಚದ ಮೇಲೆ ಮುದುಡಿಕೊಂಡು ಕಿಟಕಿ ಹಾಕು ಅಂದರು. ಹಾಕಿದೆ. ಮದುವೆಯದೇ, ಹೆಣ್ಣಿನ ಮೇಲೆ ಹೂ ಉದುರಿಸುತ್ತಿದ್ದಾರೆ, ನಮಗೇನೂ ಅಲ್ಲ ಅಂದೆ.

ಫೋನ್ ತೆಗೆದುಕೊಂಡು ಅಂಗಳಕ್ಕೆ ಬಂದೆ. ಕೆಂಪು ಚುಕ್ಕೆ ಛತ್ರದ ಎದುರಿನ ಮಹಡಿಯ ಮೇಲಿತ್ತು, ನೀರಿನ ಟ್ಯಾಂಕಿನ ಮಗ್ಗುಲಲ್ಲಿ. ಅವನು ಯಾರೋ ನನಗೆ ಗೊತ್ತಿಲ್ಲ. ನಂಬರ್ ಮಾತ್ರ ಬರೆದಿಟ್ಟುಕೊಂಡೆ, ಇರಲಿ ಅಂತ. ಕೂಸನ್ನು ಮಡಿಲಿಗೆ ಹಾಕಿಕೊಂಡು, ಅವನು ಕೆಳಗೆ ಇಳಿದು ಹೋಗುವವರೆಗೂ ನೋಡುತ್ತ ಕೂತೆ.